ಹಿಂದಿನ ಸೀಟಿನ ಬೆಲ್ಟು

ನಾನೊಂದು ವಿಮಾನ. ನಗಬೇಡಿ. ಗದಗಿನ ಈ ಪಾರ್ಕಿನ ಮೂಲೆಯಲ್ಲಿ, ಬೆನ್ನ ತುಂಬ ಪಾರಿವಾಳದ ಹಿಕ್ಕೆ ಮೆತ್ತಿಕೊಂಡು, ಎಡರೆಕ್ಕೆಯ ಮೇಲೆ ಕಸ ಗುಡಿಸುವ ನೀಲವ್ವನ ಒದ್ದೆ ಗೋಣಿಚೀಲ ಹೊತ್ತು ನಿಂತಿರುವ ನನ್ನನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ, ಒಪ್ಪುತ್ತೇನೆ. ಮಕ್ಕಳು ನನ್ನನ್ನು ಜಾರುಬಂಡೆ ಎಂದುಕೊಂಡಿದ್ದಾರೆ. ಅವರ ತಾಯಂದಿರು ನನ್ನ ನೆರಳಲ್ಲಿ ಕೂತು ಗಿರ್ಮಿಟ್ಟು ತಿನ್ನುತ್ತಾರೆ. ತಿನ್ನಲಿ, ಬೇಡ ಅಂದವರಾರು? ಆದರೆ ನಾನು ವಾಯುಪಡೆಯವಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹುಟ್ಟಿದ್ದು ಬೆಂಗಳೂರಿನಲ್ಲಿ, ದೊಡ್ಡ ಶೆಡ್ಡೊಂದರಲ್ಲಿ. ತಗಡಿಗೆ ತಗಡು ಸೇರಿಸಿ ನನ್ನ ಮೈ ಮಾಡಿದರು. ಮಧ್ಯಾಹ್ನವಾದರೆ ಕೆಲಸಗಾರರು ನನ್ನ ರೆಕ್ಕೆಯ ಕೆಳಗೇ ಬುತ್ತಿ ಬಿಚ್ಚುತ್ತಿದ್ದರು. ಒಗ್ಗರಣೆಯ ವಾಸನೆ ಮೊದಲು ಕುಡಿದೆ, ಪೆಟ್ರೋಲಿನ ವಾಸನೆ ಆಮೇಲೆ. ಕೊನೆಗೆ ಮೈಗೆಲ್ಲ ಹಳದಿ ಬಣ್ಣ ಬಳಿದರು. ಹಳದಿ ಎಂದರೆ ಕಲಿಯುವವರ ವಿಮಾನ. ದೂರದಿಂದಲೇ ಕಂಡು ಉಳಿದವರು ದಾರಿ ಬಿಡಲಿ ಎಂದು. ನನ್ನ ಪಕ್ಕದಲ್ಲಿ ಇನ್ನೊಬ್ಬಳು ತಯಾರಾಗುತ್ತಿದ್ದಳು, ನನ್ನದೇ ಅಚ್ಚು. ಅವಳನ್ನು ನಾನು ತಂಗಿ ಎಂದುಕೊಂಡೆ.

ನನ್ನೊಳಗೆ ಎರಡು ಸೀಟು, ಒಂದರ ಹಿಂದೆ ಒಂದು. ಮುಂದಿನದು ಶಿಷ್ಯನಿಗೆ, ಹಿಂದಿನದು ಗುರುವಿಗೆ. ಎರಡೂ ಸೀಟಿನ ಮುಂದೆ ಒಂದೊಂದು ಸ್ಟಿಕ್ಕು ಇದೆ. ಅದನ್ನು ಹಿಡಿದೇ ನನ್ನನ್ನು ತಿರುಗಿಸುವುದು, ಏರಿಸುವುದು, ಇಳಿಸುವುದು. ಈ ಎರಡು ಸ್ಟಿಕ್ಕುಗಳನ್ನು ಒಳಗಿನಿಂದ ಜೋಡಿಸಿದ್ದಾರೆ. ಮುಂದಿನವನು ಅಲುಗಿಸಿದರೆ ಹಿಂದಿನದೂ ಅಲುಗುತ್ತದೆ, ಹಿಂದಿನವನು ತಡೆದರೆ ಮುಂದಿನದೂ ನಿಲ್ಲುತ್ತದೆ. ಹಾಗಾಗಿ ಇಬ್ಬರ ಕೈಯೂ ಒಟ್ಟಿಗೇ ನನಗೆ ಗೊತ್ತಾಗುತ್ತಿತ್ತು. ಯಾರ ಕೈ ಬೆವರಿದೆ, ಯಾರದು ನಡುಗುತ್ತಿದೆ, ಯಾರು ಬರೀ ಜಂಬ ಕೊಚ್ಚುತ್ತಿದ್ದಾರೆ ಎಲ್ಲ.

ನಮ್ಮನ್ನು ಕೆಂಪುಮಣ್ಣಿನ ಊರೊಂದರ ಹಾರಾಟದ ಶಾಲೆಗೆ ಕಳಿಸಿದರು. ಊರಿನ ಹೆಸರು ಹೇಳುವುದಿಲ್ಲ. ಫೌಜಿನ ಅಭ್ಯಾಸ ಅದು, ಸುಮ್ಮನೆ ಬಾಯಿ ಬಿಡುವುದಿಲ್ಲ. ಅಲ್ಲಿ ನನ್ನ ಹಿಂದಿನ ಸೀಟಿಗೆ ಬಂದು ಕೂತವನು ಫ್ಲೈಟ್ ಲೆಫ್ಟಿನೆಂಟ್ ವಾಮನ ಗಲಗಲಿ. ವಿಜಾಪುರದ ಕಡೆಯವನು. ಗಿಡ್ಡ ಆಳು, ದೊಡ್ಡ ಬಾಯಿ. ಕೂತ ಮೊದಲ ದಿನವೇ ನನ್ನ ಮೈ ತಟ್ಟಿ, "ಏನ ಮುದುಕಿ, ಹಾರ್ತೀಯೋ ಇಲ್ಲೋ?" ಎಂದ. ಬಣ್ಣ ಆರದ ಹುಡುಗಿಗೆ ಮುದುಕಿ ಅನ್ನುವುದೇ! ಸಿಟ್ಟು ಬಂತು. ಆದರೆ ಅವನು ಸ್ಟಿಕ್ಕು ಹಿಡಿದದ್ದೇ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಂಥ ಹಗುರ ಕೈ.

ರೇಡಿಯೋದಲ್ಲಿ ಎಲ್ಲರೂ ಇಂಗ್ಲಿಷೇ. ನನ್ನೊಳಗೆ ಮಾತ್ರ, ಶಿಷ್ಯ ಕನ್ನಡದವನಾದರೆ, ಗಲಗಲಿಯ ಬೈಗುಳ ಶುದ್ಧ ವಿಜಾಪುರದ್ದು. ಇಳಿಯುವ ಮುಂಚೆ ಒಂದು ದೊಡ್ಡ ತಿರುವು ಇರುತ್ತದೆ. ಅಲ್ಲಿ ಹೊಸಬರೆಲ್ಲ ನೆಲ ಹತ್ತಿರ ಬಂತೆಂದು ಹೆದರಿ ನನ್ನ ಮೂಗು ಮೇಲೆತ್ತುತ್ತಾರೆ. ಎತ್ತಿದರೆ ವೇಗ ಸಾಯುತ್ತದೆ, ವೇಗ ಸತ್ತರೆ ನಾನು ಕಲ್ಲಿನಂತೆ ಬೀಳುತ್ತೇನೆ. "ಲೇ ತಮ್ಮಾ, ಮೂಗ ಇಳಸಲೇ! ಸ್ಪೀಡ ಕಳಕೋಬ್ಯಾಡ, ಮಗನ!" ಎಂದು ಅವನು ಕೂಗುವುದು ಪ್ರತಿದಿನ ಇದ್ದದ್ದೇ.

ಕಲಿತ ಹುಡುಗ ಒಂದು ದಿನ ಒಬ್ಬನೇ ಹಾರಬೇಕು. ಅದಕ್ಕೆ ಸೋಲೋ ಎನ್ನುತ್ತಾರೆ. ಗುರು ಇಳಿದು, ತನ್ನ ಖಾಲಿ ಸೀಟಿನ ಬೆಲ್ಟನ್ನು ಎಳೆದು ಬಿಗಿಯಾಗಿ ಕಟ್ಟುತ್ತಾನೆ. ಸಡಿಲ ಬಿಟ್ಟರೆ ಅದು ಹಿಂದಿನ ಸ್ಟಿಕ್ಕಿಗೆ ಸುತ್ತಿಕೊಂಡೀತು ಎಂಬ ಭಯ. ಯಾರೂ ಇಲ್ಲದ ಸೀಟಿಗೆ ಬೆಲ್ಟು ಕಟ್ಟುವ ಆ ಹೊತ್ತು ನನಗೆ ಯಾವತ್ತೂ ಹಿಡಿಸಲಿಲ್ಲ. ಹುಡುಗ ಸೋಲೋ ಮುಗಿಸುತ್ತಾನೆ, ಗೆಳೆಯರು ಅವನ ತಲೆಗೆ ಬಕೆಟ್ ನೀರು ಸುರಿಯುತ್ತಾರೆ, ಆಮೇಲೆ ಅವನು ಹೊರಟುಹೋಗುತ್ತಾನೆ. ಒಬ್ಬ ಸಾಮಾನು ಹೊರುವ ಡಕೋಟಾಕ್ಕೆ, ಒಬ್ಬ ಯುದ್ಧಕ್ಕೆ ಹೋಗುವ ನ್ಯಾಟಿಗೆ, ಆಮೇಲಿನವರು ಮಿಗ್ಗಿಗೆ. ದೊಡ್ಡ ಹೆಸರಿನ ವಿಮಾನಗಳಿಗೆಲ್ಲ ಹಾರಿಸುವವರನ್ನು ತಯಾರು ಮಾಡಿ ಕಳಿಸಿದ್ದು ನಾವು ಹಳದಿಯವರು. ತಿರುಗಿ ಬಂದು ಹೇಗಿದ್ದೀಯೆ ಎಂದು ಕೇಳಿದವನು ಒಬ್ಬನೂ ಇಲ್ಲ.

ಒಂದು ಬೆಳಿಗ್ಗೆ ಗಲಗಲಿ ನನ್ನ ತಂಗಿಯಲ್ಲಿ ಒಬ್ಬ ಹುಡುಗನನ್ನು ಸೋಲೋಗೆ ಬಿಟ್ಟ. ಹುಡುಗ ಆ ತಿರುವಿನಲ್ಲಿ ಮೂಗು ಎತ್ತಿದ. ಕೂಗಿ ಹೇಳಲು ಹಿಂದೆ ಯಾರೂ ಇರಲಿಲ್ಲ. ನಾನು ಸಾಲಿನಲ್ಲಿ ನಿಂತು ನೋಡುತ್ತಿದ್ದೆ. ತಂಗಿ ಒಂದು ಪಕ್ಕಕ್ಕೆ ವಾಲಿದಳು, ಬಿದ್ದಳು, ಅಷ್ಟೇ. ಹುಡುಗ ಉಳಿಯಲಿಲ್ಲ.

ಅಲ್ಲಿಂದ ಗಲಗಲಿ ಬೇರೆಯೇ ಮನುಷ್ಯನಾದ. ಪಾಠ ಹೇಳುತ್ತಿದ್ದ, ಬೈಯುತ್ತಿದ್ದ, ಆದರೆ ಯಾರನ್ನೂ ಸೋಲೋಗೆ ಬಿಡಲಿಲ್ಲ. "ಇನ್ನೊಂದಿನ ಆಗ್ಲಿ" ಎನ್ನುತ್ತಿದ್ದ. ಅವನ ಶಿಷ್ಯರು ಬೇರೆ ಗುರುಗಳ ಹತ್ತಿರ ಹೋಗಿ ಸೋಲೋ ಮುಗಿಸಿಕೊಂಡರು.

ಆಗ ಬಂದವನು ಚೆಲುವರಾಜು. ಕೊಳ್ಳೇಗಾಲದವನು, ತಾಯಿ ರೇಷ್ಮೆ ನೂಲು ಬಿಚ್ಚುವಾಕೆ. ಮಾತು ಕಮ್ಮಿ, ತಿಂಡಿ ಜಾಸ್ತಿ. ಗಲಗಲಿ ಒಂದು ಕನ್ನಡ ಆಡಿದರೆ ಇವನು ಇನ್ನೊಂದು ಕನ್ನಡ ಆಡುತ್ತಿದ್ದ. ನಡುವೆ ಕೂತ ನನಗೆ ತಮಾಷೆಯೋ ತಮಾಷೆ. ಹುಡುಗ ಚೆನ್ನಾಗಿ ಕಲಿತ. ಆದರೂ ಗಲಗಲಿಯದು ಅದೇ ರಾಗ, ಇನ್ನೊಂದಿನ ಆಗ್ಲಿ. ಅಷ್ಟರಲ್ಲಿ ಮೇಲಿನವರು ಹೇಳಿಬಿಟ್ಟರು: ಈ ವಾರದೊಳಗೆ ಈ ಹುಡುಗ ಒಬ್ಬನೇ ಹಾರದಿದ್ದರೆ ಮನೆಗೆ ಕಳಿಸುತ್ತೇವೆ. ಬೇರೆ ಗುರುವಿನ ಹತ್ತಿರ ಹೋಗು ಎಂದು ಗೆಳೆಯರು ಎಷ್ಟು ಹೇಳಿದರೂ ಚೆಲುವರಾಜು ಹೋಗಲಿಲ್ಲ. ಹೋದರೆ ಸಾರ್ ಮುಖ ನೋಡುವುದು ಹೇಗೆ ಎಂದನಂತೆ. ಮೂರ್ಖ! ಮನೆಗೆ ಹೋಗಬೇಕಾಗಿ ಬಂದರೆ ಯಾರ ಮುಖ ನೋಡುತ್ತಿದ್ದ?

ಆ ವಾರದ ಕೊನೆಯ ದಿನ ಇಬ್ಬರೂ ನನ್ನನ್ನು ಹತ್ತಿ ಹೋದರು. ಕೆಂಪು ಹೊಲಗಳ ಮೇಲೆ ಸುತ್ತು ಹೊಡೆಯುತ್ತಿದ್ದೆವು.  ಚೆಲುವರಾಜುವೇ ಮೊದಲು ಬಾಯಿ ತೆರೆದ.

"ಸಾ, ಒಂದ್ ಮಾತ್ ಯೋಳ್ಲಾ? ಬಯ್ಯಬ್ಯಾಡಿ."

"ಹೇಳಪಾ."

"ನಿಮ್ ಕೈ ಸ್ಟಿಕ್ ಮ್ಯಾಲೇ ಅದ ಸಾ."

"ಯಾವನ್ಲೇ ಹೇಳಿದಂವ? ನಾ ಮುಟ್ಟೇ ಇಲ್ಲ!"

"ಮುಟ್ಟಿದ್ದೀರಿ ಸಾ. ದಿನಾ ಮುಟ್ಟಿರ್ತೀರಿ. ಬಿಸಿನೀರ್ನಲ್ಲಿ ಗೂಡಿನ ಎಳೆ ತಗದು ಬೆಳದೋನು ನಾನು. ಎಳೆಗೆ ಇನ್ನೊಬ್ರ ಬೆರಳು ತಾಕುದ್ರ ಗೊತ್ತಾಯ್ತದ." ಮೆಲ್ಲಗೆ ಸೇರಿಸಿದ: "ಆ ಹುಡ್ಗನ್ ಇಚಾರ ನಂಗೂ ಗೊತ್ತು ಸಾ. ನಾನು ಅವನಲ್ಲ. ಕೈ ತಗೀರಿ ಸಾ."

ಹುಡುಗ ಹೇಳಿದ್ದು ನಿಜ. ಆ ಕೈ ಎರಡು ಬೆರಳಿನಷ್ಟು ಹಗುರವಾಗಿ, ಆದರೆ ಯಾವತ್ತೂ ಅಲ್ಲೇ ಇರುತ್ತಿತ್ತು. ಅದು ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಈಗ ಆ ಬೆರಳುಗಳು ಒಮ್ಮೆ ಬಿಗಿಯಾದವು, ಆಮೇಲೆ ಬಿಟ್ಟವು.

"ಇಳಸು" ಎಂದ ಗಲಗಲಿ.

ಇಳಿದ ಮೇಲೆ ಅವನು ಹೊರಗೆ ನಿಂತು ಖಾಲಿ ಸೀಟಿನ ಬೆಲ್ಟು ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ. ಜಗ್ಗಿ ನೋಡಿದ. "ಒಂದ ಸುತ್ತು. ಹೋಗಿ ಬಾ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿ ಹುಲ್ಲಿನ ಕಡೆ ನಡೆದ.

ಅಯ್ಯೋ, ನನಗೆಷ್ಟು ಹೆದರಿಕೆಯಾಗಿತ್ತು ಗೊತ್ತೇ? ಹಿಂದಿನ ಸ್ಟಿಕ್ಕು ಯಾರ ಕೈಯೂ ಇಲ್ಲದೆ ತಾನೇ ಅತ್ತಿತ್ತ ಆಡುತ್ತಿತ್ತು. ಮೇಲೆ ಹೋದೆವು, ಸುತ್ತು ಹೊಡೆದೆವು. ಆ ದೊಡ್ಡ ತಿರುವು ಬಂತು. ನೆಲ ಹತ್ತಿರವಾಯಿತು. ಹುಡುಗನ ಕೈ ನನ್ನ ಮೂಗನ್ನು ಎತ್ತಲು ಹೊರಟಿತು, ನನಗೆ ಗೊತ್ತಾಯಿತು. ಇನ್ನೇನು ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಚೆಲುವರಾಜು ಗಂಟಲು ಹರಿಯುವಂತೆ ಕೂಗಿದ: "ಲೇ ತಮ್ಮಾ, ಮೂಗ ಇಳಸಲೇ! ಸ್ಪೀಡ ಕಳಕೋಬ್ಯಾಡ, ಮಗನ!"

ಥೇಟ್ ಗಲಗಲಿಯೇ. ಅದೇ ರಾಗ, ಅದೇ ಸಿಟ್ಟು. ಆಮೇಲೆ ತನ್ನದೇ ಕೊಳ್ಳೇಗಾಲದ ದನಿಯಲ್ಲಿ ತಾನೇ ಉತ್ತರ ಕೊಟ್ಟುಕೊಂಡ: "ಇಳ್ಸಿವ್ನಿ ಸಾ, ಇಳ್ಸಿವ್ನಿ!"

ಇಳಿಸಿದ. ನೆಲ ಮುಟ್ಟುವವರೆಗೂ ಹೀಗೇ, ಗುರುವಾಗಿ ಬೈದ, ಶಿಷ್ಯನಾಗಿ ಬೈಸಿಕೊಂಡ. ರೇಡಿಯೋದ ಗುಂಡಿ ಒತ್ತಿರಲಿಲ್ಲವಾದ್ದರಿಂದ ಹೊರಗೆ ಯಾರಿಗೂ ಕೇಳಿಸಲಿಲ್ಲ. ನಾನೊಬ್ಬಳೇ ಕೇಳಿದೆ.

ಕೆಳಗೆ ಗೆಳೆಯರು ಬಕೆಟ್ ಹಿಡಿದು ಕಾದಿದ್ದರು. ನೀರು ಸುರಿಸಿಕೊಂಡು, ತೊಪ್ಪೆಯಾಗಿ, ಹುಡುಗ ಗುರುವನ್ನು ಹುಡುಕಿಕೊಂಡು ಬಂದ. "ಸಾ, ತಿರುವಲ್ಲಿ ಏನಾಯ್ತು ಅಂದ್ರ..." ಎಂದು ಶುರು ಮಾಡಿದ. ಗಲಗಲಿ ಅವನ ಕಡೆ ತಿರುಗಲಿಲ್ಲ. "ತಿರುವು ಅಡ್ಡಿಯಿಲ್ಲ. ಹೋಗು, ಅರಿವಿ ಬದಲಿ ಮಾಡು" ಎಂದುಬಿಟ್ಟ. ನನ್ನ ಹಿಂದಿನ ಸೀಟಿಗೆ ಬಗ್ಗಿ ಬೆಲ್ಟು ಬಿಚ್ಚುವವನ ಹಾಗೆ ಬಹಳ ಹೊತ್ತು ತಲೆ ಒಳಗಿಟ್ಟುಕೊಂಡಿದ್ದ. ಅವನು ಅಳುತ್ತಿದ್ದ. ಹುಡುಗ ಹೇಳಬೇಕೆಂದದ್ದು ಬಾಯಲ್ಲೇ ಉಳಿಯಿತು. ಮುಂದಿನ ವಾರ ಅವನೂ ಹೊರಟುಹೋದ.

ಕೆಲವು ವರ್ಷಗಳ ಮೇಲೆ, ನನ್ನ ಇಂಜಿನ್ ಒರೆಸುತ್ತಿದ್ದ ಇಬ್ಬರು ಮೆಕ್ಯಾನಿಕ್ಕುಗಳು ಮಾತಾಡಿಕೊಂಡರು. ಗಲಗಲಿ ಸಾಹೇಬರ ಆ ಕೊಳ್ಳೇಗಾಲದ ಹುಡುಗ ಡಕೋಟಾದಲ್ಲಿ ಬೆಟ್ಟದ ಮೇಲಿನ ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ ಬೀಳಿಸಲು ಹೋಗುತ್ತಿದ್ದನಂತೆ. ಒಂದು ದಿನ ಮೋಡದೊಳಗೆ ಹೋದದ್ದು ಬರಲಿಲ್ಲವಂತೆ. ಹುಡುಕಿದರಂತೆ, ಸಿಗಲಿಲ್ಲವಂತೆ. ಅವತ್ತು ಮಧ್ಯಾಹ್ನ ಗಲಗಲಿ ಬಂದು ನನ್ನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತ. ಹಾರಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ಆಮೇಲಿನದು ಹೇಳುವಂಥದ್ದೇನಿಲ್ಲ. ಹೊಸ ತರಬೇತಿ ವಿಮಾನಗಳು ಬಂದವು, ನನ್ನನ್ನು ಸಾಲಿನಿಂದ ತೆಗೆದರು. ಒಂದು ಕಾಲೇಜಿಗೆ ಕೊಟ್ಟರು. ಅಲ್ಲಿ ಇಂಜಿನ್ ಬಿಚ್ಚಿದರು, ವೇಗ, ಎತ್ತರ ತೋರಿಸುವ ಗಡಿಯಾರಗಳನ್ನು ಬಿಚ್ಚಿದರು. ಸ್ಟಿಕ್ಕಿನಿಂದ ರೆಕ್ಕೆಗೆ ಹೋಗುವ ತಂತಿಗಳನ್ನು ಮಾತ್ರ, ಪಾಠಕ್ಕೆ ಬೇಕೆಂದು, ಹಾಗೇ ಬಿಟ್ಟರು. ಕಾಲೇಜಿಗೂ ಬೇಡವಾದ ಮೇಲೆ ಲಾರಿಯಲ್ಲಿ ಗದಗಿಗೆ ಬಂದೆ. ಮೇಲಿನ ಗಾಜಿನ ಮುಚ್ಚಳ ಒಡೆದುಹೋಯಿತು. ರೆಕ್ಕೆಯ ಅಂಚಿನ ಅಲುಗುವ ಪಟ್ಟಿಗಳನ್ನು ಆಡದಂತೆ ಹೊರಗಿನಿಂದ ಕಟ್ಟಿಟ್ಟಿದ್ದ ತಂತಿಯನ್ನು ಹುಡುಗರು ಕಿತ್ತುಕೊಂಡು ಹೋದರು. ಇಲ್ಲಿ ಗಾಳಿಗೆ ಬರವಿಲ್ಲ. ಗಾಳಿ ಬೀಸಿದಾಗಲೆಲ್ಲ ಪಟ್ಟಿ ಅಲುಗುತ್ತದೆ, ಒಳಗೆ ಎರಡು ಸ್ಟಿಕ್ಕುಗಳೂ ತಾವೇ ಆಡುತ್ತವೆ. ನೋಡುವವರು ಯಾರೂ ಇಲ್ಲ. ಒಂಟಿತನ ಅಂದರೆ ಇದೇ, ಬೇರೆ ಹೆಸರು ಯಾಕೆ?

ಹೋದ ಆಷಾಢದಲ್ಲಿ ಒಬ್ಬ ಮುದುಕ ಕೋಲೂರಿಕೊಂಡು ಬಂದ. ನನ್ನ ಬಾಲದ ಮೇಲೆ ಅಳಿಸಿಹೋಗುತ್ತಿರುವ ನಂಬರನ್ನು ಬೆರಳಿನಿಂದ ಸವರಿ ಓದಿದ. ಆಮೇಲೆ ನನ್ನ ಮೈ ತಟ್ಟಿ, "ಏನ ಮುದುಕಿ, ಇಲ್ಲಿ ಬಂದು ಕುಂತೀಯೇನ? ಎಷ್ಟ ಊರು ಹುಡುಕಿಸಿದಿ!" ಎಂದ. ಈಗ ಆ ಹೆಸರು ನನಗೆ ಸರಿಯಾಗಿ ಒಪ್ಪುತ್ತಿತ್ತು.

ಹತ್ತಲು ಹೊರಟ. ನೀಲವ್ವ ಪೊರಕೆ ಎಸೆದು ಓಡಿಬಂದಳು. "ಅಜ್ಜಾರ, ಏನ್ ಮಾಡಾಕತ್ತೀರಿ? ಬಿದ್ದಗಿದ್ದೀರಿ, ಇಳೀರಿ!"

"ಇದು ನನ್ನ ಸೀಟವ್ವಾ. ಒಂದೀಟ ಕೈ ಹಚ್ಚು."

ನೀಲವ್ವ ಅವನ ಮುಖ ನೋಡಿದಳು. ಸ್ಟೂಲು ತಂದಿಟ್ಟು, ತೋಳು ಹಿಡಿದು ಹತ್ತಿಸಿದಳು. ಗಲಗಲಿ ಹಿಂದಿನ ಸೀಟಿನಲ್ಲಿ ಕೂತ. ಸ್ಟಿಕ್ಕು ಹಿಡಿದ. ಕೈ ಈಗ ಎಲುಬಾಗಿತ್ತು, ಆದರೆ ಅದೇ ಹಗುರ. ಎದುರಿನ ಖಾಲಿ ಸೀಟನ್ನು ನೋಡುತ್ತ ಮಾತಾಡಿದ.

"ಕೈ ಬಿಟ್ಟಿದ್ದ ತಪ್ಪಾತೇನ ಮುದುಕಿ? ಅವತ್ತ ನಾ ಬಿಡದಿದ್ದರ ಮನೀಗೆ ಹೋಗ್ತಿದ್ದ. ರೇಷ್ಮಿ ನೂಲು ಬಿಚ್ಚಕೋತ ಇವತ್ತಿಗೂ ಇರ್ತಿದ್ದ. ಆ ತಿರುವಿನ್ಯಾಗ ಏನೋ ಆತು ಅಂತ ಹೇಳಾಕ ಬಂದಿದ್ದ, ನಾ ಕೇಳಲಿಲ್ಲ. ಅಂಜಿದ್ನೇನು? ಒಬ್ಬನ ಅದೀನಿ ಅಂತ ಅಂಜಿದ್ನೇನು?"

ನಾನು ಹೇಗೆ ಹೇಳಲಿ? ಒಬ್ಬನೇ ಇರಲಿಲ್ಲ ಮಾರಾಯಾ, ನೀನೂ ಇದ್ದೆ. ಹಿಂದಿನ ಸೀಟಿನಲ್ಲಿ ನೀನು ಕೂತು ಬೈದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ ಎಂದು ಹೇಳಬೇಕು ಅನ್ನಿಸಿತು. ಆ ಮೋಡದೊಳಗೂ ಅವನು ನಿನ್ನ ದನಿಯಲ್ಲಿ ತನ್ನನ್ನು ಬೈದುಕೊಂಡೇ ಹೋಗಿರುತ್ತಾನೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಬೇಕಾದವನೇ ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದಾನೆ, ನನಗೆ ಬಾಯಿಲ್ಲ. ನನ್ನ ಹುಟ್ಟಿಗೇ ಬೆಂಕಿ ಹಾಕಬೇಕು ಅನ್ನಿಸಿತು.

ಆಗ ಗಾಳಿ ಬೀಸಿತು. ರೆಕ್ಕೆಯ ಪಟ್ಟಿ ಅಲುಗಿತು. ಮುಂದಿನ ಸ್ಟಿಕ್ಕು ಮೆಲ್ಲಗೆ ಎಡಕ್ಕೆ ವಾಲಿತು, ಅದರ ಜೊತೆಗೆ ಗಲಗಲಿಯ ಕೈಯಲ್ಲಿದ್ದದ್ದೂ.

ಅವನು ಉಸಿರು ಹಿಡಿದ. ಗಾಳಿ ಎಂದು ಗೊತ್ತಿಲ್ಲದವನೇನಲ್ಲ, ಬದುಕೆಲ್ಲ ಗಾಳಿಯಲ್ಲೇ ಕಳೆದವನು. ಆದರೂ ಕೈ ಹಾಗೇ ಇಟ್ಟುಕೊಂಡು, ಎದುರು ಕೂತವನು ತಿರುವು ತೆಗೆದುಕೊಳ್ಳುವುದನ್ನು ಕಾಯುವ ಗುರುವಿನಂತೆ ಕಾದ. ಸ್ಟಿಕ್ಕು ನಡುವಿಗೆ ಬಂತು, ಬಲಕ್ಕೆ ಹೋಯಿತು, ಮತ್ತೆ ನಡುವಿಗೆ ಬಂತು.

"ಆತು ತಮ್ಮಾ" ಎಂದ ಗಲಗಲಿ.  "ಕೈ ತಗದೀನಿ, ನೋಡು."

ತೆಗೆದ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಾಳಿ ನಿಲ್ಲುವವರೆಗೂ ಕೂತಿದ್ದ. ಇಳಿಯುವಾಗ ಅಭ್ಯಾಸದಂತೆ ಬೆಲ್ಟಿಗೆ ಕೈ ಹಾಕಿದ. ಬಕ್ಕಲ್ಲು ತುಕ್ಕು ಹಿಡಿದಿತ್ತು, ಕೂಡಲಿಲ್ಲ. ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿದ, ಜಗ್ಗಿ ನೋಡಿದ, ನೀಲವ್ವನ ಹೆಗಲು ಹಿಡಿದು ಇಳಿದು ಹೋದ.

ಮತ್ತೆ ಬಂದಿಲ್ಲ. ಮಕ್ಕಳು ಆ ಗಂಟನ್ನು ಬಿಚ್ಚಲು ಹೋದರೆ ನೀಲವ್ವ ಪೊರಕೆ ತೋರಿಸಿ, "ಮುಟ್ಟಬ್ಯಾಡ್ರಿ, ಅಜ್ಜಾರ ಸೀಟದು" ಎಂದು ಗದರುತ್ತಾಳೆ. ಗಾಳಿ ಬಂದಾಗ ಸ್ಟಿಕ್ಕುಗಳು ಆಡುತ್ತವೆ. ಗಂಟು ಇನ್ನೂ ಬಿಗಿಯಾಗಿದೆ.