ಒಮ್ಮೆ ಕೊಂಡ ದನಿ

ಇಸ್ಮಾಯಿಲ್‌ಸಾಬ್ ಬಿಚ್ಚಿದ ತಿರುಪುಗಳನ್ನು ಬಿಳಿ ಹಾಳೆಯ ಮೇಲೆ ಇಡುತ್ತಿದ್ದಾರೆ, ತೆಗೆದ ಜಾಗದ ಹಾಗೆಯೇ, ಮೇಲಿನದು ಮೇಲೆ, ಕೆಳಗಿನದು ಕೆಳಗೆ — ಮಸ್ಕಿಯ ಕಾಲೇಜಿನ ಪ್ರಯೋಗಾಲಯದಲ್ಲಿ ತಾನೂ ಹುಡುಗರಿಗೆ ಇದನ್ನೇ ಹೇಳುತ್ತಿದ್ದೆನಲ್ಲ ಎಂದುಕೊಂಡಳು ದುರ್ಗಾದೇವಿ, ಆಗ ಬಾಯಿಂದಲೇ, ಮೂರು ವರ್ಷದ ಹಿಂದೆ, ಗಂಟಲಿನ ಧ್ವನಿಪೆಟ್ಟಿಗೆ ತೆಗೆಯುವ ಮೊದಲು. ಈಗ ಬೆರಳು ಒತ್ತಿದ್ದನ್ನು ಫೋನು ಓದುತ್ತದೆ, ಅವಳ ಮಾತೆಲ್ಲ ಅದರೊಳಗೆ, ಆ ಫೋನಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಸಿಂಧನೂರಿನ ಈ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಿದ್ದಿದೆ. ಒಮ್ಮೆ ದುಡ್ಡು ಕೊಟ್ಟು ಕೊಂಡ ತಂತ್ರಾಂಶ, ಆಮೇಲೆ ಯಾರೂ ಏನೂ ಕೇಳಲಿಲ್ಲ, ಈಗ ಅದನ್ನು ಮಾರುವುದಿಲ್ಲ, ಹೊಸ ಫೋನಿಗೆ ಹಾಕಿಕೊಳ್ಳಲೂ ಬರುವುದಿಲ್ಲ, ತಿಂಗಳು ತಿಂಗಳು ಕಟ್ಟುವ ಹೊಸ ದನಿ ಮಾತ್ರ — ತಪ್ಪೇನಲ್ಲ, ಮಾಡಿದವರೂ ದಿನಾ ಉಣ್ಣಬೇಕು, ಕಟ್ಟುವವರ ದೂರು ಕೇಳಿ ಕೇಳಿ ಹೊಸದಕ್ಕೆ ನಮ್ಮ ಕಡೆಯ ಮಾತನ್ನೂ ಕಲಿಸಿದ್ದಾರೆ; ಹಳೆಯದು ಊರ ಮಾತು ಒತ್ತಿದರೆ ತೊದಲುತ್ತದೆ, ಅದಕ್ಕೆ ಪುಸ್ತಕದ ಕನ್ನಡವೇ ಬೇಕು, ಕಣ್ಣು ಹೋದ ಅವ್ವ ವಳಕಮದಿನ್ನಿಯ ಮನೆಯ ಕಟ್ಟೆಯ ಮೇಲೆ ನಗುತ್ತಿದ್ದಳು, ಬಂತ್ನೋಡು ರೇಡಿಯೋ ಬಾಯಿ, ಹಡದ ಅವ್ವಗ ಊಟ ಮಾಡಿದಿರಾ ಅಂತೀಯಲ್ಲಬೇ, ನಕ್ಕು ನಕ್ಕು ಅವಳಿಗೆ ಅದೇ ಮಗಳ ದನಿಯಾಗಿಬಿಟ್ಟಿತು; ಹೋದ ತಿಂಗಳು, ಏಳು ದಿನ ಪುಕ್ಕಟೆ ಎಂದು, ತಮ್ಮನ ಫೋನಿನಲ್ಲಿ ಹೊಸದನ್ನು ಮಾತಾಡಿಸಿದರೆ ಅವ್ವ ಸೆಟೆದು ಕೂತಳು, ಯಾರವ್ವ ನೀ, ನಮ್ಮ ದುರ್ಗಿ ಎಲ್ಲಿ ಹೋಗ್ಯಾಳ, ಪಕ್ಕದಲ್ಲೇ ಕೂತಿದ್ದಳು ದುರ್ಗಿ, ಕೂಗಲು ಏನೂ ಇರಲಿಲ್ಲ —

ಟೀಚರಮ್ಮ, ತಲೆ ಎತ್ತದೆ ಅಂದರು ಇಸ್ಮಾಯಿಲ್‌ಸಾಬ್, ಹೊಸಾ ಫೋನ್ ಮಾರಿದ್ರ ನನಗ ಫಾಯ್ದಾ ಖರೇ, ಆದ್ರ ನಿಮ್ಮ ಬಾಯಿ ಬದಲ್ ಮಾಡಿ ನಾ ಏನ್ ಉಣ್ಲಿ, ಲಿಂಗಸುಗೂರಿಂದ ಇದರ ಬ್ಯಾಟರಿ ತರಿಸೀನಿ, ಆಖರಿದು, ಅಪ್‌ಡೇಟ್ ಕೇಳಿದ್ರ ಮಾತ್ರ ಒತ್ತಬ್ಯಾಡ್ರಿ, ಹಳೇ ದನಿ ಹೋಗತೈತಿ. ಬ್ಯಾಟರಿ ಕೂಡಿಸಿದರು, ಪರದೆಗೆ ಬೆಳಕು ಬಂತು, ಅವಳು ಒತ್ತಿದಳು, ತಮ್ಮ ಉಪಕಾರವನ್ನು ಮರೆಯಲಾರೆ ಎಂದಿತು ಫೋನು, ಅದೇ ದನಿ, ಅದೇ ಬಿಗಿ, ಅವರು ನಕ್ಕರು, ಇರ್ಲಿ ಬಿಡ್ರಿ, ಪರೀಕ್ಷಾಕ್ಕ ಕುಂತಂಗ ಆಗತೈತಿ. ಇವರಿಗೂ, ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳದ ಆ ಕಾಣದ ಕಂಪನಿಗೂ ಎಷ್ಟು ಕೈ ಮುಗಿದರೂ ಕಡಿಮೆಯೇ, ಇನ್ನೆರಡು ವರ್ಷ, ಆಮೇಲೆ ಈ ಬ್ಯಾಟರಿಯೂ ಉಬ್ಬುತ್ತದೆ, ಹೊಸ ದನಿಗೆ ತಿಂಗಳು ತಿಂಗಳು ಕಟ್ಟುತ್ತಾಳೆ, ಅವ್ವ ಮತ್ತೆ ಯಾರವ್ವ ನೀ ಅನ್ನುತ್ತಾಳೆ, ಅನ್ನಲಿ — ಅವತ್ತು ಹಾಗೆ ಕೇಳಿದ ಮೇಲೆ ಅವ್ವನ ಕೈ ಗಾಳಿಯಲ್ಲಿ ತಡವರಿಸಿ ಬಂತು, ಮಾತಾಡುವ ಫೋನನ್ನು ದಾಟಿತು, ಗದ್ದ, ಕೊರಳು, ಕೊರಳಲ್ಲಿ ಉಸಿರಾಡುವ ತೂತು, ಅಲ್ಲಿ ನಿಂತಿತು, ಬಿಸಿ ತಾಗಿತು, ಇಲ್ಲೇ ಅದೀಯಲ್ಲಬೇ — ತೂತಿನ ಮುಂದೆ ಅವ್ವನ ಬೆರಳು, ಒಂದು ಉಸಿರು ಬಂದು ಹೋದರೂ ಕದಲದೆ, ಅವ್ವನ ಬೆರಳು, ಮುಂದಿನ ಉಸಿರಿಗೆ ಕಾಯುತ್ತ