ಗಾರ್ಡ್ ಬಿಚ್ಚಿದ ಗ್ರೈಂಡರ್

ಕಬ್ಬಿಣ ಉಜ್ಜುವ ಗ್ರೈಂಡರಿನ ಕಲ್ಲು ಒಡೆದು ಲಖನನ ಬಲಗಣ್ಣು ಹೋಯಿತು. ಕುಡಿದು ಕೆಲಸಕ್ಕೆ ಬಂದಿದ್ದನೆಂದು ವಿರುಪಾಕ್ಷಪ್ಪ ಸಾಹುಕಾರರು ದವಾಖಾನೆಯಲ್ಲಿ ಬರೆಸಿದರು. ಲಖನ ಕುಡಿಯುವವನಲ್ಲ.

ಉಗಾರದ ರಸ್ತೆಯಲ್ಲಿ ಸಾಹುಕಾರರ ಮದುವೆ ಲಾನ್ ಇದೆ. ಸುತ್ತ ಅವರದೇ ಕಬ್ಬು, ನಡುವೆ ಹಾಸಿದಂಥ ಹುಲ್ಲು. ಹುಲ್ಲು ಕತ್ತರಿಸುವ ಮಷಿನ್ನಿನ ಬ್ಲೇಡು ಮೊಂಡಾದರೆ ಗ್ರೈಂಡರಿನಿಂದ ಸಾಣೆ ಹಿಡಿಯಬೇಕು. ಸಣ್ಣ ಗ್ರೈಂಡರಿಗೆ ಸಣ್ಣ ಕಲ್ಲೇ ಬೇಕು. ಸಾಹುಕಾರರು ಕೊಡುತ್ತಿದ್ದುದು ದೊಡ್ಡ ಮಷಿನ್ನಿನ ಸವೆದ ಕಲ್ಲು. ಅದರ ತೂತು ದೊಡ್ಡದು, ತಗಡು ಸುತ್ತಿ ಬಿಗಿಯಬೇಕು. ಕಲ್ಲು ಒಡೆದರೆ ಚೂರು ಸಿಡಿಯದಂತೆ ತಡೆಯುವ ಗಾರ್ಡ್ ಅಡ್ಡ ಬರುತ್ತದೆಂದು ಸೂಪರ್‌ವೈಸರ್ ಧರಣೇಂದ್ರ ಅದನ್ನು ಬಿಚ್ಚಿ ಎಸೆದಿದ್ದ.

ಈಗ ಲಖನನ ಜಾಗದಲ್ಲಿ ಬಾಳು ಕೂತಿದ್ದ. ಬೆಳಿಗ್ಗೆ ಮನೆಯಲ್ಲಿ ಒಂದು ಕಣ್ಣು ಮುಚ್ಚಿ ಚಹಾದ ಬಟ್ಟಲಿಗೆ ಕೈ ಚಾಚಿದ್ದ. ಕೈಗೆ ಬಟ್ಟಲು ಸಿಗಲಿಲ್ಲ, ಚಹಾ ಚೆಲ್ಲಿತು.

"ಏನ್ ಆಟ ಹಚ್ಚೀರಿ?" ಎಂದಳು ಹೆಂಡತಿ ಪೂನಮ. ಅವನು ಮುಚ್ಚಿದ ಕಣ್ಣು ತೆರೆದು ಬಟ್ಟಲು ಎತ್ತಿಟ್ಟ.

ಬಾಳು ಸ್ವಿಚ್ ಒತ್ತಿದ. ಗ್ರೈಂಡರ್ ಕೈಯೊಳಗೆ ಜಿಗಿಯಿತು. ಕಲ್ಲು ಒಂದು ಕಡೆ ವಾಲಿ ತಿರುಗಿತು. ಬಂದ್ ಮಾಡಿದ.

"ಯಾಕಲೇ?" ಎಂದ ಧರಣೇಂದ್ರ.

"ಕಲ್ಲ ಅಳ್ಳಾಡಾಕತ್ತೈತ್ರಿ ಅಣ್ಣಾ."

"ಕಲ್ಲಲ್ಲ ಮಗನ, ನಿನ್ನ ಕೈ."

ಕುರ್ಚಿ ಹೊರುತ್ತಿದ್ದ ಆಳುಗಳು ನಕ್ಕರು.

"ಚಷ್ಮಾನರ ಕೊಡಸ್ರಿ."

"ಯಾಕ, ವರಾ ಆಗಿ ಕುಂದರಾಂವ ಏನ ನೀ?"

ಅಲ್ಲೇ ಕಸ ಹೊಡೆಯುತ್ತಿದ್ದ ಅಕ್ಕುತಾಯಿಯ ಕಸಬರಿಗೆ ನಿಂತಿತು. ಅವಳು ಲಖನನ ತಾಯಿ. ಹಿತ್ತಲಿನ ಗುಜರಿ ರಾಶಿಗೆ ಹೋಗಿ ಬಂದಳು. ಸೆರಗಿನಲ್ಲಿ ಒರೆಸಿದ ಗಾರ್ಡನ್ನು ಬಾಳುವಿನ ಮುಂದಿಟ್ಟಳು.

"ಹಾಕ್ಕೋ ನನ್ನಪ್ಪಾ."

"ಏ ಮುದುಕಿ, ನಿನ್ನ ಕೆಲಸಾ ಕಸಾ ಹೊಡ್ಯೂದು!" ಎಂದ ಧರಣೇಂದ್ರ.

"ಕಸದಾಗ ಸಿಕ್ತ್ರಿ ಇದು. ನನ್ನ ಮಗನ ಕಣ್ಣೂ ಹುಡುಕೇನಿ. ಅದ ಸಿಗಲಿಲ್ಲ."

ಈಗ ಯಾರೂ ನಗಲಿಲ್ಲ.

ಬಾಳು ಕಲ್ಲು ತೆಗೆದು ಗಾರ್ಡ್ ಬಿಗಿದ. ದೊಡ್ಡ ಕಲ್ಲು ಇನ್ನು ಅದರೊಳಗೆ ಹಿಡಿಸುವಂತಿರಲಿಲ್ಲ. ಅಷ್ಟರಲ್ಲಿ ಸಾಹುಕಾರರ ಕಾರು ಬಂತು.

"ಸಣ್ಣ ಕಲ್ಲ ತರಸ್ರಿ ಸಾವ್ಕಾರ್ರ," ಎಂದ ಬಾಳು.

"ಸಂಜಿಗೆ ಬೀಗರ ಬರ್ತಾರ, ಹುಲ್ಲ ಗೇಣುದ್ದ ಬೆಳದೈತಿ. ಗಾರ್ಡ್ ಬಿಚ್ಚು."

ಬಾಳುವಿನ ಕೈ ಗಾರ್ಡಿನ ಕಡೆ ಹೋಗಲಿಲ್ಲ.

"ಬಿಚ್ಚಲಿಲ್ಲಂದ್ರ ನಾಳಿಂದ ಈ ಗೇಟಿನ್ಯಾಗ ಕಾಲಿಡಬ್ಯಾಡ. ನಿನಗ ಕೆಲಸಾ ಕೊಡಾಂವ ಈ ಭಾಗದಾಗ ಯಾಂವ ಅದಾನ, ನೋಡ್ತೀನಿ ನಾನೂ."

ಅದು ಬರೀ ಬೆದರಿಕೆಯಲ್ಲ ಎಂದು ಬಾಳುವಿಗೆ ಗೊತ್ತಿತ್ತು. ಪೂನಮಳ ಮುಖ ಕಣ್ಣಿಗೆ ಕಟ್ಟಿತು. ಎರಡೂ ಕಣ್ಣಿಗೆ.

ಕುರ್ಚಿ ಹೊತ್ತವರು ಒಬ್ಬೊಬ್ಬರಾಗಿ ಕುರ್ಚಿ ಕೆಳಗಿಟ್ಟರು. ಅಕ್ಕುತಾಯಿ ಬಾಳುವಿನ ಪಕ್ಕ ಹುಲ್ಲಿನ ಮೇಲೆ ಕೂತಳು.

"ಬಿಚ್ಚಂಗಿಲ್ರಿ," ಎಂದ ಬಾಳು.

"ಏನಂದಿ?"

ಬಾಳು ಎರಡೂ ಕೈಯನ್ನು ಗಾರ್ಡಿನ ಮೇಲಿಟ್ಟ.

"ಬಿಚ್ಚಂಗಿಲ್ರಿ ಸಾವ್ಕಾರ್ರ."