ಕೀಲಿಯ ಮೇಲೆ ಕೂತ ಅಮ್ಮ

"ತಲೆ ಕಡೆ ಎತ್ತಿ, ಇನ್ನೂ ಎತ್ತಿ! ಗೋಡೆಗೆ ತಾಗ್ತಿದೆ!"

ಅಮ್ಮನಿದ್ದ ಪೆಟ್ಟಿಗೆ ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮುಂದೆ ಅಣ್ಣ, ಹಿಂದೆ ಪಕ್ಕದ ಮನೆಯ ಮೂವರು. ತಂಗಿ ಹೆಗಲು ಕೊಡಲು ಬಂದಾಗ ಅಣ್ಣ ತಿರುಗಿಯೂ ನೋಡದೆ, "ನೀನು ಬೇಡ" ಎಂದ. ಬುಧವಾರ ಅಮ್ಮ ತೀರಿಕೊಂಡಾಗಿನಿಂದ ಅವನು ಅವಳೊಡನೆ ಆಡಿದ ಮಾತು ಅದೊಂದೇ.

ಕೆಳಗಿಳಿದರೆ ಗಾಡಿಯೇ ಇಲ್ಲ. ಅರ್ಧ ಗಂಟೆ ತಡವಂತೆ. ಪೆಟ್ಟಿಗೆಯನ್ನು ಕೆಳಗಿನ ಪಡಸಾಲೆಯ ಮೇಜಿನ ಮೇಲಿಟ್ಟು ಎಲ್ಲರೂ ಬೆಂಚುಗಳ ಮೇಲೆ ಕೂತರು. ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಅಮ್ಮನ ಜೊತೆಗಾರ್ತಿಯಾಗಿದ್ದ, ಎಲ್ಲರೂ ಉಗಿಯಕ್ಕ ಎಂದೇ ಕರೆಯುವ ಹೆಂಗಸಿಗೆ ಸುಮ್ಮನಿರಲಾಗಲಿಲ್ಲ.

"ಅವಳ ಹುಟ್ಟುಹಬ್ಬಕ್ಕೆ ತಾಯಿ ಮಗಳು ಸಮುದ್ರ ನೋಡೋಕೆ ಹೋಗಿದ್ರಂತಲ್ಲ?"

"ಹೂಂ," ಎಂದ ಅಣ್ಣ. "ಎಪ್ಪತ್ತು ತುಂಬಿದ ಹೆಂಗಸನ್ನ ಇವಳು ಬಿರುಗಾಳೀಲಿ ನೆನೆಸಿ ಕರ್ಕೊಂಡು ಬಂದ್ಳು. ನಾಲ್ಕೇ ದಿನ."

"ಡಾಕ್ಟ್ರು ಹಾರ್ಟು ಅಂದ್ರಲ್ಲಪ್ಪ?"

"ಹಾರ್ಟು ಸುಮ್ಸುಮ್ನೆ ನಿಲ್ಲುತ್ತಾ?"

ಸಂಜೆಗೆ ಅಣ್ಣ ತಾನು ಓಡಿಸುವ ಲಾರಿ ಹತ್ತಿ ಹೊರಟುಬಿಟ್ಟರೆ ಈ ಮಾತು ಅವರಿಬ್ಬರ ನಡುವೆ ಕಲ್ಲಾಗಿ ಕೂರುತ್ತದೆ, ಮತ್ತೆ ಕದಲುವುದಿಲ್ಲ. ತಂಗಿ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೇ ಸಲ ಹೇಳತೊಡಗಿದಳು.

*

ಶನಿವಾರ ಮಧ್ಯಾಹ್ನ ಕಡಲತೀರದ ವಸತಿಗೃಹದವನು ಬಾಗಿಲು ಬಡಿದ. "ಬಿರುಗಾಳಿ ಬರ್ತಿದೆ. ಹೋಗೋರು ಈಗ್ಲೇ ಹೊರಡಿ. ಇರೋರು ಜಗಲಿ ದಾಟ್ಬೇಡಿ."

ತಂಗಿ ಅರ್ಧ ತಿಂದ ಕೇಕನ್ನು ಡಬ್ಬಿಗೆ ತುರುಕಿ, ಚೀಲ ಕಟ್ಟಿ, ಕಾರಿನ ಕೀಲಿ ಹುಡುಕಿದಳು. ಅಮ್ಮ ಅದನ್ನು ಜಗಲಿಯ ಕುರ್ಚಿಯ ಮೇಲಿಟ್ಟು, ಕಾವಿಗೆ ಕೂತ ಕೋಳಿಯ ಹಾಗೆ ಅದರ ಮೇಲೆ ಕೂತುಬಿಟ್ಟಿದ್ದಳು.

"ಅಮ್ಮಾ, ಏಳು!"

"ಏಳಲ್ಲ. ಮೂವತ್ತೊಂದು ವರ್ಷ ನೆಲಮಾಳಿಗೇಲಿ ಇಸ್ತ್ರಿ ಮಾಡ್ದೆ. ಮೇಲೆ ಮಳೆ ಬಂತಾ ಅಂತ ಕೆಳಗಿಳಿದೋರ ಚಪ್ಪಲಿ ನೋಡಿ ತಿಳ್ಕೋಬೇಕಿತ್ತು. ಇವತ್ತು ಅದೇ ನನ್ನ ಹುಡುಕ್ಕೊಂಡು ಬರ್ತಿದೆ. ಬೆನ್ನು ತೋರಿಸಿ ಓಡ್ಲಾ?"

ಗಾಳಿ ಬಂತು. ಮೊದಲು ಮರಳು, ಆಮೇಲೆ ಯಾರದೋ ಕೊಡೆ, ಅದರ ಹಿಂದೆ ಒಂದು ಅಂಗಡಿಯ ಬೋರ್ಡೇ ಹಾರಿಹೋಯಿತು. ಸಮುದ್ರ ಕಪ್ಪಾಗಿ ಉಬ್ಬಿ ತಡೆಗೋಡೆಗೆ ಗುದ್ದಿದಾಗ ಜಗಲಿಯ ನೆಲ ಅಂಗಾಲಿನಡಿ ನಡುಗಿತು. ಅಮ್ಮ ಎದ್ದು ನಿಂತು, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು.

"ಬಂತು ನೋಡೇ, ಆ ಅಲೆಯ ಅಪ್ಪ! ಹಿಡ್ಕೋ, ಹಿಡ್ಕೋ!"

ತಾಯಿ ಮಗಳು ಒಂದೇ ಕಂಬವನ್ನು ತಬ್ಬಿಕೊಂಡು, ಉಪ್ಪುನೀರು ಉಗುಳುತ್ತ, ಉಸಿರು ಸಿಕ್ಕದಷ್ಟು ನಕ್ಕರು.

*

"ಸೀಟಿ ಹೊಡೆದ್ಳಾ!" ಉಗಿಯಕ್ಕ ತೊಡೆ ತಟ್ಟಿಕೊಂಡಳು. "ಇಸ್ತ್ರಿ ಕೋಣೇಲಿ ಯಂತ್ರದ ಸದ್ದಿಗೆ ಕೂಗಿದ್ರೆ ಕೇಳ್ತಿರ್ಲಿಲ್ಲ ನೋಡಿ. ಅವಳ ಸೀಟಿಗೆ ಮೇಲ್ವಿಚಾರಕನೂ ಎದ್ದು ನಿಲ್ತಿದ್ದ!"

ಪಡಸಾಲೆ ಘೊಳ್ಳೆಂದಿತು. ಮರುಕ್ಷಣ ಮೇಜಿನ ಕಡೆ ನೋಡಿ ಎಲ್ಲರೂ ಬಾಯಿ ಮುಚ್ಚಿಕೊಂಡರು. ಅಣ್ಣ ಮಾತ್ರ ನಗಲಿಲ್ಲ.

"ಕೀ ಕಿತ್ಕೊಳ್ಳೋಕೆ ಆಗ್ತಿರ್ಲಿಲ್ವಾ? ಹಿಡಿಯಷ್ಟಿದ್ಳು ಅಮ್ಮ."

"ಆಗ್ತಿತ್ತು." ಅವಳು ನೆಲ ನೋಡಿದಳು. "ಕಿತ್ಕೊಳ್ಳಲಿಲ್ಲ. ನಂಗೂ ನೋಡ್ಬೇಕಿತ್ತು ಅಣ್ಣ. ಅಲೆಗಿಂತ, ಅಮ್ಮ ಹಾಗೆ ನೋಡೋದನ್ನ."

ಅವನು ಮೇಜಿನ ಮೇಲಿನ ಪೆಟ್ಟಿಗೆಯ ಕಡೆ ತಿರುಗಿದ.

"ಪ್ರತಿ ಅಲೆಗೂ, 'ಇದನ್ನ ನಿನ್ನಣ್ಣ ನೋಡ್ಬೇಕಿತ್ತು, ಅವನು ನೋಡ್ಬೇಕಿತ್ತು' ಅಂತಿದ್ಳು."

"ಬರ್ತೀನಿ ಅಂದಿದ್ದೆ," ಎಂದ ಅಣ್ಣ, ತನಗೇ ಹೇಳಿಕೊಳ್ಳುವಂತೆ. "ಇನ್ನೊಂದು ಲೋಡು ಒಪ್ಕೊಂಡುಬಿಟ್ಟೆ."

ಹೊರಗೆ ಗಾಡಿ ಬಂದು ಹಾರ್ನ್ ಮಾಡಿತು. ಯಾರೂ ಏಳಲಿಲ್ಲ. ಅಣ್ಣನೊಬ್ಬ ಎದ್ದ. ಆದರೆ ಬಾಗಿಲ ಕಡೆ ಹೋಗದೆ ಗೋಡೆಯ ಹತ್ತಿರ ಹೋಗಿ, ಅಂಗೈಯನ್ನು ತನ್ನ ತಲೆಯ ಮಟ್ಟಕ್ಕೆ ಇಟ್ಟ.

"ಅಲೆ ಎಷ್ಟೆತ್ತರ ಇತ್ತು? ಇಷ್ಟಾ?"

"ಇನ್ನೂ ಮೇಲೆ."

ಅವನು ತುದಿಗಾಲಲ್ಲಿ ನಿಂತ. "ಇಷ್ಟು?"

"ಇನ್ನೂ."

ಅವನು ಹೊಳಪು ಹಾಕಿದ ಬೂಟು ಕಳಚಿ ಬೆಂಚು ಹತ್ತಿದ. ಉಗಿಯಕ್ಕ ಬೆಂಚಿನ ಕಾಲು ಹಿಡಿದುಕೊಂಡಳು. ಕರಿಕೋಟು ಸೊಂಟದಿಂದ ಮೇಲೇರಿತು, ಅಂಗೈ ಸೂರಿಗೆ ತಾಗಿತು, ಕಣ್ಣು ಅರಳಿತ್ತು.

"ಇನ್ನೂ ಮೇಲೆ, ಅಣ್ಣ, ಇನ್ನೂ!" ಎನ್ನುತ್ತ ತಂಗಿಯೂ ಬೆಂಚು ಹತ್ತಿದಳು.